ಸೂಪರ್‌ಕಂಪ್ಯೂಟರ್‌ಗೂ ಮೊದಲು ಕರಾರು ಗಟ್ಟಿಯಾಗಲಿ

ಮಾನ್ಯ ಸಂಪಾದಕರೇ,

ಸರ್ಕಾರ ಮತ್ತು ಖಾಸಗಿಯವರು ಸೇರಿ ಪ್ರಾದೇಶಿಕ ಸೂಪರ್‌ಕಂಪ್ಯೂಟರ್ ಕೇಂದ್ರ ಕಟ್ಟಬೇಕು ಎಂಬ ಮಾತು ಬಂದಾಗಲೆಲ್ಲ ಚರ್ಚೆ ‘ಎಷ್ಟು ಪೆಟಾಫ್ಲಾಪ್’, ಅಂದರೆ ಯಂತ್ರ ಸೆಕೆಂಡಿಗೆ ಎಷ್ಟು ಲೆಕ್ಕ ಮಾಡುತ್ತದೆ, ಎಂಬಲ್ಲಿಗೇ ಹೋಗಿ ನಿಲ್ಲುತ್ತದೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಭಾಗಕ್ಕೆ ಇಂಥ ಕೇಂದ್ರ ಬೇಕೇ ಬೇಕು ಎನ್ನುವವರು ನಾವು. ಆದರೆ ಯಂತ್ರದ ವೇಗವನ್ನು ಕೊನೆಗೆ ನಿರ್ಧರಿಸಿದರೂ ನಡೆಯುತ್ತದೆ. ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ನಡೆಸುವವರಿಗೆ ಸಂಬಳ ಯಾರು ಕೊಡುತ್ತಾರೆ, ಸಣ್ಣ ಕಾರ್ಖಾನೆಗಳಿಗೆ ಎಷ್ಟು ಗಂಟೆ ಮೀಸಲು ಎಂಬುದು ಮೊದಲು ಕಾಗದದ ಮೇಲೆ ಬರಬೇಕು.

ಯಂತ್ರ ಎಷ್ಟು ಬೇಗ ಹಳತಾಗುತ್ತದೆ ಎಂಬುದಕ್ಕೆ ಪುಣೆಯ ‘ಏಕ’ ಒಳ್ಳೆಯ ಉದಾಹರಣೆ. ಟಾಟಾ ಸನ್ಸ್‌ನ ಅಂಗಸಂಸ್ಥೆ ಕಟ್ಟಿದ ಅದು ಅತಿ ವೇಗದ ಸೂಪರ್‌ಕಂಪ್ಯೂಟರ್‌ಗಳ 2007ರ ನವೆಂಬರ್ ಪಟ್ಟಿಯಲ್ಲಿ ಜಗತ್ತಿಗೇ ನಾಲ್ಕನೆಯದಾಗಿತ್ತು. ಗರಿಷ್ಠ ಸಾಮರ್ಥ್ಯ ಸುಮಾರು 172 ಟೆರಾಫ್ಲಾಪ್ (ಸಾವಿರ ಟೆರಾಫ್ಲಾಪ್ ಸೇರಿದರೆ ಒಂದು ಪೆಟಾಫ್ಲಾಪ್). ಇವತ್ತು ಎಂಟು ಎಚ್‌100 ಜಿಪಿಯು (ಭಾರಿ ಲೆಕ್ಕಗಳಿಗೆ ಬಳಸುವ ಚಿಪ್) ಇರುವ ಒಂದೇ ಸರ್ವರ್ ಲೆಕ್ಕದಲ್ಲಿ ಅದನ್ನು ದಾಟುತ್ತದೆ. ಯಂತ್ರದ ಆಯುಷ್ಯ ಐದಾರು ವರ್ಷ. ಕಟ್ಟಡ, ಸಬ್‌ಸ್ಟೇಷನ್, ನೀರಿನ ಕೊಳವೆಗಳದ್ದು ಇಪ್ಪತ್ತು ವರ್ಷ. ಎರಡನ್ನೂ ಒಂದೇ ಟೆಂಡರ್‌ನಲ್ಲಿ ಕಟ್ಟಿಹಾಕಿದರೆ ಏಳನೇ ವರ್ಷದ ಹೊತ್ತಿಗೆ ಗಟ್ಟಿಮುಟ್ಟಾದ ಕಟ್ಟಡದೊಳಗೆ ಬಿಡಿಭಾಗ ಸಿಗದ ಯಂತ್ರ ಉಳಿಯುತ್ತದೆ.

ಅಮೆರಿಕದ ಮೆಸಾಚುಸೆಟ್ಸ್ ರಾಜ್ಯ ಇದನ್ನು ಸರಿಯಾಗಿ ಬಿಡಿಸಿಕೊಂಡಿತು. ಗಿರಣಿಗಳು ಮುಚ್ಚಿ ಸೊರಗಿದ್ದ ಹೋಲಿಯೋಕ್ ಪಟ್ಟಣದಲ್ಲಿ 2012ರಲ್ಲಿ ತೆರೆದ ಕೇಂದ್ರಕ್ಕೆ ಐದು ವಿಶ್ವವಿದ್ಯಾಲಯಗಳು, ರಾಜ್ಯ ಸರ್ಕಾರ, ಸಿಸ್ಕೊ ಮತ್ತು ಇಎಂಸಿ ಕಂಪನಿಗಳು ಕೂಡಿ ಹಣ ಹಾಕಿದವು. ವೆಚ್ಚ ಸುಮಾರು 9.5 ಕೋಟಿ ಡಾಲರ್. ಹಂಚಿಕೊಂಡದ್ದು ಕಟ್ಟಡ, ವಿದ್ಯುತ್ ಮತ್ತು ತಂಪಾಗಿಸುವ ವ್ಯವಸ್ಥೆಯನ್ನು. ಒಳಗಿನ ಯಂತ್ರಗಳನ್ನು ಆಯಾ ವಿಶ್ವವಿದ್ಯಾಲಯ ತನ್ನ ಅನುಕೂಲಕ್ಕೆ ತಕ್ಕಂತೆ ತಂದಿಡುತ್ತದೆ, ಬದಲಿಸುತ್ತದೆ. ಆ ಊರನ್ನೇ ಆರಿಸಲು ಮುಖ್ಯ ಕಾರಣ ಅಲ್ಲಿನ ಅಗ್ಗದ ಜಲವಿದ್ಯುತ್.

ಈಗ ನಮ್ಮ ಕಡೆಯ ಲೆಕ್ಕ. ಯಂತ್ರಗಳೇ 1 ಮೆಗಾವಾಟ್ ಎಳೆಯುತ್ತವೆ, ತಂಪಾಗಿಸಲು ಅದರ ಮೇಲೆ ಶೇ 40 ಎಂದು ಹಿಡಿಯಿರಿ. ವರ್ಷಕ್ಕೆ ಸುಮಾರು 1.22 ಕೋಟಿ ಯೂನಿಟ್. ಯೂನಿಟ್‌ಗೆ 7 ರೂಪಾಯಿಯಾದರೆ ಎಂಟೂವರೆ ಕೋಟಿ ರೂಪಾಯಿ, ಅದೂ ಪ್ರತಿ ವರ್ಷ. ಗಾಳಿಯ ಬದಲು ಪ್ರೊಸೆಸರ್ ಮೇಲೆಯೇ ನೀರು ಹರಿಸಿ ತಂಪಾಗಿಸುವ ವ್ಯವಸ್ಥೆ ಇದ್ದು, ಹೆಚ್ಚುವರಿ ಖರ್ಚು ಶೇ 20ಕ್ಕೆ ಇಳಿದರೆ ವರ್ಷಕ್ಕೆ ಒಂದೂಕಾಲು ಕೋಟಿಯಷ್ಟು ಉಳಿಯುತ್ತದೆ. ಅಷ್ಟು ಹಣದಲ್ಲಿ ಒಂದು ಒಳ್ಳೆಯ ತಂಡವನ್ನೇ ಸಾಕಬಹುದು. ಗದಗ ಜಿಲ್ಲೆಯ ಗಾಳಿಯಂತ್ರಗಳಿಂದ ದೀರ್ಘಾವಧಿ ಕರಾರಿನ ಮೇಲೆ ವಿದ್ಯುತ್ ಕೊಳ್ಳುವುದನ್ನೂ ಪರಿಶೀಲಿಸಬೇಕು. ಆದರೆ ಗಾಳಿ ಜೋರಿರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಉಳಿದ ತಿಂಗಳಿಗೆ ಸೌರವಿದ್ಯುತ್ತನ್ನೋ ಗ್ರಿಡ್ಡನ್ನೋ ಜೊತೆಗಿಟ್ಟುಕೊಳ್ಳಲೇಬೇಕು.

ನೀರಿನ ಮಾತು ಇನ್ನೂ ಸೂಕ್ಷ್ಮ. ನೀರನ್ನು ಆವಿಯಾಗಿಸಿ ಶಾಖ ಕಳೆಯುವ ಕೂಲಿಂಗ್ ಟವರ್ ಹಾಕಿದರೆ 1 ಮೆಗಾವಾಟ್ ಶಾಖ ಹೊರಹಾಕಲು ದಿನಕ್ಕೆ 35ರಿಂದ 45 ಸಾವಿರ ಲೀಟರ್ ನೀರು ಬೇಕು. ನಲ್ಲಿ ನೀರಿಗೆ ದಿನ ಎಣಿಸಿದ ಅವಳಿನಗರಕ್ಕೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. 40 ಡಿಗ್ರಿ ಬಿಸಿಯ ನೀರಿನಲ್ಲೂ ಕೆಲಸ ಮಾಡುವ ಮುಚ್ಚಿದ ಸುತ್ತಿನ (ಅದೇ ನೀರು ಮತ್ತೆ ಮತ್ತೆ ಹರಿಯುವ) ವ್ಯವಸ್ಥೆ ಇದ್ದರೆ ವರ್ಷದ ಬಹುಪಾಲು ಬರೀ ಫ್ಯಾನಿನ ಗಾಳಿ ಸಾಕು. ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಷ್ಟೇ ನೀರು ಸಿಂಪಡಿಸಬೇಕಾಗುತ್ತದೆ. ಆ ಸುತ್ತಿನೊಳಗೆ ಬೋರ್‌ವೆಲ್ ನೀರು ಹಾಕಿದರೆ ಸುಣ್ಣ ಕಟ್ಟಿ ಸಣ್ಣ ಕಾಲುವೆಗಳು ಮುಚ್ಚಿಕೊಳ್ಳುತ್ತವೆ. ಖನಿಜಾಂಶ ತೆಗೆದ ನೀರೇ ಆಗಬೇಕು.

ಕರೆಂಟ್ ಹೋದಾಗ ನಿಜವಾಗಿ ಏನಾಗುತ್ತದೆ ಎಂಬುದನ್ನು ಟೆಂಡರ್ ಬರೆಯುವವರು ಒಮ್ಮೆ ಕಣ್ಮುಂದೆ ತಂದುಕೊಳ್ಳಲಿ. ಸರ್ವರ್‌ಗಳು ಯುಪಿಎಸ್ ಮೇಲೆ ಓಡುತ್ತಲೇ ಇರುತ್ತವೆ. ಅರ್ಧ ನಿಮಿಷದೊಳಗೆ ಜನರೇಟರ್ ಬರುತ್ತದೆ. ಆದರೆ ಒಮ್ಮೆ ನಿಂತ ಚಿಲ್ಲರ್ (ನೀರನ್ನು ತಣ್ಣಗಾಗಿಸುವ ಯಂತ್ರ) ತಕ್ಷಣ ಶುರುವಾಗುವುದಿಲ್ಲ, ಕಂಪ್ರೆಸರ್ ಉಳಿಸಲು ಅದರೊಳಗೇ ಇರುವ ಟೈಮರ್ ಕೆಲವು ನಿಮಿಷ ತಡೆಯುತ್ತದೆ. ಅಷ್ಟರಲ್ಲಿ ಸರ್ವರ್‌ಗಳನ್ನು ಜೋಡಿಸಿಟ್ಟ ರ್‍ಯಾಕ್‌ಗಳು ಕಾದು, ತಮ್ಮನ್ನು ಉಳಿಸಿಕೊಳ್ಳಲು ತಾವೇ ಆಫ್ ಆಗುತ್ತವೆ; ನಾಲ್ಕು ದಿನದಿಂದ ಓಡುತ್ತಿದ್ದ ಲೆಕ್ಕ ಹೋಯಿತು. ಚಿಲ್ಲರ್ ಬಳಸುವ ಕಡೆ ಪಂಪು, ಫ್ಯಾನುಗಳೂ ಯುಪಿಎಸ್ ಮೇಲಿರಬೇಕು, ತಣ್ಣೀರಿನ ಟ್ಯಾಂಕೂ ಇರಬೇಕು. 1 ಮೆಗಾವಾಟ್ ಶಾಖವನ್ನು 10 ನಿಮಿಷ ತಾಳಲು, ನೀರು 10 ಡಿಗ್ರಿ ಬಿಸಿಯಾಗಬಹುದು ಎಂದುಕೊಂಡರೆ, 14ರಿಂದ 15 ಸಾವಿರ ಲೀಟರ್ ಸಾಕು. ಖರ್ಚು ಉಳಿಸುವ ನೆಪದಲ್ಲಿ ಈ ಟ್ಯಾಂಕಿಗೆ ಕತ್ತರಿ ಹಾಕಬಾರದು.

ಇಷ್ಟೆಲ್ಲ ಮಾಡಿ ಯಂತ್ರ ಯಾರಿಗೆ? ಬೆಳಗಾವಿಯ ಫೌಂಡ್ರಿಯಲ್ಲಿ ಎರಕದ ದಪ್ಪ ಭಾಗ ಕೊನೆಗೆ ಗಟ್ಟಿಯಾಗುತ್ತದೆ. ಆ ಹೊತ್ತಿಗೆ ಅಚ್ಚಿಗೆ ಹೆಚ್ಚುವರಿ ಲೋಹ ಒದಗಿಸುವ ರೈಸರ್‌ನಿಂದ ಕರಗಿದ ಲೋಹ ತಲುಪದಿದ್ದರೆ ಒಳಗೆ ಟೊಳ್ಳು ಬೀಳುತ್ತದೆ. ಲೇತ್ ಮೇಲೆ ಕೊರೆದಾಗಲೇ ಅದು ಕಾಣುವುದು. ಒಂದು ಅಚ್ಚನ್ನು ಪರೀಕ್ಷಿಸಲು ವರ್ಕ್‌ಸ್ಟೇಷನ್ ಸಾಕು, ಸೂಪರ್‌ಕಂಪ್ಯೂಟರ್ ಬೇಡ. ಅರವತ್ತು ಬಗೆಯ ರೈಸರ್ ಜಾಗಗಳನ್ನು ಒಂದೇ ರಾತ್ರಿಯಲ್ಲಿ ಹೋಲಿಸಬೇಕೆಂದರೆ ದೊಡ್ಡ ಯಂತ್ರ ಬೇಕು. ಹುಬ್ಬಳ್ಳಿಯ ವಾಲ್ವ್ ಕಾರ್ಖಾನೆಯದೂ ಇದೇ ಕಥೆ. ವಾಲ್ವ್‌ನೊಳಗಿನ ಹರಿವಿನ ಒಂದು ಲೆಕ್ಕ 128 ಕೋರ್‌ಗಳ (ಪ್ರೊಸೆಸರ್ ಒಳಗಿನ ಲೆಕ್ಕದ ಘಟಕಗಳು) ಒಂದು ನೋಡ್‌ನಲ್ಲಿ, ಅಂದರೆ ಒಂದು ಸರ್ವರ್‌ನಲ್ಲಿ, 6 ಗಂಟೆ ಓಡಿತು ಎನ್ನೋಣ, 768 ಕೋರ್‌-ಗಂಟೆ. ತಂಪಾಗಿಸುವುದೂ ಸೇರಿ ಏಳೆಂಟು ಯೂನಿಟ್, ಐವತ್ತು ರೂಪಾಯಿ ಆಸುಪಾಸಿನ ಕರೆಂಟು! ದುಬಾರಿಯಾಗುವುದು ಕೋರ್ ಲೆಕ್ಕದಲ್ಲಿ ಬಾಡಿಗೆ ಕೇಳುವ ಸಾಫ್ಟ್‌ವೇರ್ ಲೈಸೆನ್ಸ್, ಮತ್ತು ಡ್ರಾಯಿಂಗ್ ನೋಡಿ ಮೆಶ್ (ಲೆಕ್ಕಕ್ಕಾಗಿ ಆಕಾರವನ್ನು ಸಣ್ಣ ತುಂಡುಗಳಾಗಿ ಒಡೆಯುವ ಜಾಲ) ಮಾಡಿಕೊಡುವ ಎಂಜಿನಿಯರ್. ಓಪನ್‌ಫೋಮ್‌ನಂಥ ಮುಕ್ತ ತಂತ್ರಾಂಶ ಮೊದಲ ಖರ್ಚನ್ನು ಇಳಿಸುತ್ತದೆ, ಎರಡನೆಯದನ್ನು ಹೆಚ್ಚಿಸುತ್ತದೆ.

ನಿಜ ಹೇಳಬೇಕೆಂದರೆ ಯಂತ್ರ ಇದೇ ಊರಿನಲ್ಲಿರಬೇಕೆಂಬ ಹಟ ಬೇಡ. ಕರೆಂಟು, ನೀರು ಎಲ್ಲಿ ಅಗ್ಗವೋ ಅಲ್ಲಿರಲಿ. ಜನ ಮಾತ್ರ ಇಲ್ಲೇ ಬೇಕು. 2015ರಲ್ಲಿ 4,500 ಕೋಟಿ ರೂಪಾಯಿಯ ಅಂದಾಜಿನೊಂದಿಗೆ ಶುರುವಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ನಿನಿಂದ ಬೆಂಗಳೂರಿನ ಐಐಎಸ್ಸಿಗೆ 3.3 ಪೆಟಾಫ್ಲಾಪ್‌ನ ‘ಪರಮ್ ಪ್ರವೇಗ’ ಬಂತು, ಸಂಶೋಧನೆಗೆ ಅದು ದೊಡ್ಡ ಬಲ. ಇಂಡಿಯಾ ಎಐ ಮಿಷನ್ ಖಾಸಗಿಯವರ ಜಿಪಿಯುಗಳನ್ನು ಸಬ್ಸಿಡಿ ದರದಲ್ಲಿ ಕೊಡಿಸುತ್ತಿದೆ. ಮೊದಲ ಸುತ್ತಿನಲ್ಲೇ 18,693 ಜಿಪಿಯು ಸಿಕ್ಕವು. ಎರಡೂ ಒಳ್ಳೆಯವೇ. ಆದರೆ ಫೌಂಡ್ರಿಗೆ ಬಂದು ಅಚ್ಚು ನೋಡಿ, ಲೆಕ್ಕ ಕಟ್ಟಿಕೊಡುವ ಹತ್ತು ಜನ ಎಂಜಿನಿಯರ್‌ಗಳನ್ನು ಕೊಡುವುದು ಈ ಯೋಜನೆಗಳ ಕೆಲಸವಲ್ಲ. ಆ ಸಂಬಳ ಐದು ವರ್ಷಕ್ಕೆ ಕರಾರಿನಲ್ಲೇ ಇರಬೇಕು.

ಸಮಯದ ಹಂಚಿಕೆಗೆ ಫಿನ್ಲೆಂಡಿನ ಕಾಯಾನಿ ಪಟ್ಟಣದ ‘ಲೂಮಿ’ ಮಾದರಿಯಿದೆ. ಹಳೆಯ ಕಾಗದ ಕಾರ್ಖಾನೆಯ ಜಾಗದಲ್ಲಿರುವ ಅದರ ಸಾಮರ್ಥ್ಯದಲ್ಲಿ ಶೇ 20ರವರೆಗೆ ಉದ್ಯಮಕ್ಕೆ ಮೀಸಲು. ಇಲ್ಲೂ ಶೇ 20 ಎಂದು ಬರೆಯಬಹುದು, ಅದರಲ್ಲಿ ಅರ್ಧ ಸಣ್ಣ ಉದ್ಯಮಕ್ಕೇ ಎಂದೂ ಸೇರಿಸಬೇಕು. ಇಲ್ಲದಿದ್ದರೆ ಬಂಡವಾಳ ಹಾಕಿದ ದೊಡ್ಡ ಕಂಪನಿಯೇ ಅಷ್ಟನ್ನೂ ನುಂಗುತ್ತದೆ. ಸಣ್ಣವರ ಡ್ರಾಯಿಂಗ್ ಬೇರೆಯವರ ಕಣ್ಣಿಗೆ ಬೀಳದಂತೆ ಪ್ರತ್ಯೇಕ ಸ್ಟೋರೇಜ್, ಕೆಲಸ ಮುಗಿದ 30 ದಿನಕ್ಕೆ ಅಳಿಸುವ ಷರತ್ತು ಇರಲಿ. ಬಳಕೆಯಾಗದೆ ಉಳಿದ ಗಂಟೆಗಳು ತಿಂಗಳ ಕೊನೆಗೆ ವ್ಯರ್ಥವಾಗದೆ ವಿದ್ಯಾರ್ಥಿಗಳ ಕ್ಯೂಗೆ ಹೋಗಲಿ. ಯಾರ ಕೆಲಸ ಸರಾಸರಿ ಎಷ್ಟು ಗಂಟೆ ಕಾಯಿತು ಎಂಬ ಪಟ್ಟಿಯನ್ನು ಕೇಂದ್ರ ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಬಹಿರಂಗವಾಗಿ ಹಾಕಬೇಕು; ಹಾಕದ ತಿಂಗಳು ಸರ್ಕಾರದ ಕಂತು ಬಿಡುಗಡೆಯಾಗಬಾರದು.

– ಸೂಪರ್‌ಕಂಪ್ಯೂಟಿಂಗ್ ಕ್ಷೇತ್ರದ ಎಂಜಿನಿಯರ್‌ಗಳು, ಧಾರವಾಡ