ದುಡ್ಡು ಕೇಳುವ ಪ್ರಕಾಶಕರ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ನಮ್ಮಲ್ಲೊಬ್ಬರಿಗೆ ಹೊರದೇಶದ ‘ಪ್ರಕಾಶಕ’ರಿಂದ ಮೇಲ್ ಬಂದಿದೆ. ಕಾದಂಬರಿ ತುಂಬಾ ಇಷ್ಟವಾಯಿತಂತೆ. ಆದರೆ ಅಚ್ಚಿಗೆ ಹೋಗುವ ಮೊದಲು ಲೇಖಕರೇ ದುಡ್ಡು ಕಳಿಸಬೇಕಂತೆ! ದಯವಿಟ್ಟು ಯಾರೂ ಕಳಿಸಬೇಡಿ. ದುಡ್ಡು ಬರಬೇಕಾದದ್ದು ಬರೆದವರ ಕಡೆಗೆ, ಅಲ್ವಾ?

ಇಂಗ್ಲಿಷಿನಲ್ಲಿ ವೈಜ್ಞಾನಿಕ ಕಥೆ, ಫ್ಯಾಂಟಸಿ ಬರೆಯುವವರು ಇಂಥ ಮೇಲ್ ಬಂದರೆ ಮೊದಲು ‘ರೈಟರ್ ಬಿವೇರ್’ ಎಂಬ ಜಾಲತಾಣ ನೋಡಿ. ಮೋಸಗಾರರ ಜಾಡು ಹಿಡಿದು ಬರೆಯುವುದೇ ಅವರ ಕೆಲಸ. ಓದಲು ಕಾಸು ಕೊಡಬೇಕಿಲ್ಲ, ಸದಸ್ಯರೂ ಆಗಬೇಕಿಲ್ಲ.

ಇದರ ಬೆನ್ನಿಗೆ ನಿಂತಿದ್ದು ಎಸ್‌ಎಫ್‌ಡಬ್ಲ್ಯೂಎ. 1965ರಲ್ಲಿ ಲೇಖಕ ಡೇಮನ್ ನೈಟ್ ಅಮೆರಿಕದಲ್ಲಿ ಕಟ್ಟಿದ, ವೈಜ್ಞಾನಿಕ ಕಥೆ, ಫ್ಯಾಂಟಸಿ ಬರೆಯುವವರ ಸಂಘ. ಇಂಥ ಬರವಣಿಗೆಗೆ ನೆಬ್ಯುಲಾ ಪ್ರಶಸ್ತಿ ಕೊಡುವುದೂ ಇವರೇ. ನನಗಂತೂ ಪ್ರಶಸ್ತಿಗಿಂತ ಉಳಿದ ಕೆಲಸವೇ ದೊಡ್ಡದು. ಸತಾಯಿಸುವ ಪ್ರಕಾಶಕರ ಜೊತೆ ಸದಸ್ಯರ ಪರವಾಗಿ ಮಾತಾಡಲು ಒಂದು ಸಮಿತಿ ಇದೆ. ಕಾಯಿಲೆ ಬಿದ್ದ ಲೇಖಕರಿಗೆ ನೆರವಿನ ನಿಧಿ ಇದೆ. 2020ರಲ್ಲಿ ‘ಸ್ಟಾರ್ ವಾರ್ಸ್’ ಕಾದಂಬರಿ ಬರೆದ ಅಲನ್ ಡೀನ್ ಫಾಸ್ಟರ್ ಅವರ ರಾಯಲ್ಟಿ (ಪುಸ್ತಕ ಮಾರಾಟದ ಪಾಲು) ನಿಂತುಹೋಗಿದ್ದಾಗ, ಅದನ್ನು ಕೊಡಬೇಕಿದ್ದ ಡಿಸ್ನಿಯನ್ನೇ ಸಂಘದವರು ಬಹಿರಂಗವಾಗಿ ಕೇಳಿದರು. ಒಬ್ಬೊಬ್ಬರೇ ಕೇಳಿದ್ದರೆ ಯಾರು ಕಿವಿಗೊಡುತ್ತಿದ್ದರು?

ಸಂಘದ ಸದಸ್ಯರಾಗಲು ಅಮೆರಿಕದವರೇ ಆಗಿರಬೇಕೆಂದಿಲ್ಲ. 2022ರಲ್ಲಿ ನಿಯಮ ಸಡಿಲವಾದಾಗ, ಈ ಬಗೆಯ ಬರವಣಿಗೆಯಿಂದ 100 ಡಾಲರ್ ಗಳಿಸಿದ್ದರೆ ‘ಅಸೋಸಿಯೇಟ್’ ಸದಸ್ಯತ್ವ, 1,000 ಆದರೆ ಪೂರ್ಣ ಸದಸ್ಯತ್ವ ಎಂದಾಯಿತು. ಸ್ವಂತ ಪ್ರಕಟಣೆಯ ಗಳಿಕೆಯೂ ಲೆಕ್ಕಕ್ಕೆ ಬರುತ್ತದೆ. ಅರ್ಜಿ ಹಾಕುವ ಮುಂಚೆ ಈಗಿನ ನಿಯಮ ಒಮ್ಮೆ ನೋಡಿಕೊಳ್ಳಿ.

ಅಂದಹಾಗೆ, ಒಪ್ಪಂದದ ಕಾಗದ ಬಂದವರು ಸಹಿ ಹಾಕುವ ಮುಂಚೆ ಇಲ್ಲಿ ಒಮ್ಮೆ ಕೇಳಿ. ಹೆಸರು, ಮೊತ್ತ ಮುಚ್ಚಿ ಫೋಟೋ ಹಾಕಿದರೂ ಸಾಕು. ಸಂಕೋಚವಾದರೆ ನನಗೆ ಒಬ್ಬನಿಗೇ ಕಳಿಸಿ.