ಜೊಲ್ಲಿನಲ್ಲಿ ಸಿಗಬಹುದಾದ ಸುಳಿವು

ಮಾನ್ಯ ಸಂಪಾದಕರೇ,

ನಮ್ಮ ದೊಡ್ಡಪ್ಪ ನಲವತ್ತು ವರ್ಷ ಎಲೆ-ಅಡಿಕೆ, ಹೊಗೆಸೊಪ್ಪು ಹಾಕಿದವರು. ಕೆನ್ನೆಯೊಳಗಿನ ಬಿಳಿ ಮಚ್ಚೆಯನ್ನು ಸುಣ್ಣ ಜಾಸ್ತಿಯಾಗಿ ಸುಟ್ಟದ್ದು ಎಂದೇ ನಂಬಿದ್ದರು. ಬಯಾಪ್ಸಿ ಎಂದರೆ ಮಾಂಸ ಕತ್ತರಿಸುತ್ತಾರೆ ಎಂಬ ಹೆದರಿಕೆ ಬೇರೆ. ಅನ್ನದ ತುತ್ತು ಬಾಯಿಗೆ ಹೋಗದಂತಾದಾಗ ಆಸ್ಪತ್ರೆಗೆ ಕರೆದೊಯ್ದೆವು. ಅಷ್ಟರಲ್ಲಿ ಬಾಯಿ ಕ್ಯಾನ್ಸರ್ ಕುತ್ತಿಗೆಗೆ ಇಳಿದಿತ್ತು.

ಹಾಗಾಗಿ ಮೈಕ್ರೋಆರ್‌ಎನ್‌ಎ (ಜೀವಕೋಶದೊಳಗಿನ ಪುಟ್ಟ ಆರ್‌ಎನ್‌ಎ ತುಣುಕು) ನನಗೆ ಬರೀ ವಿಜ್ಞಾನದ ಸುದ್ದಿಯಲ್ಲ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದು ಪತ್ತೆಯಾಯಿತು. ಅದಕ್ಕಾಗಿ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ಬಂತು. ಸುಮಾರು 22 ರಾಸಾಯನಿಕ ಅಕ್ಷರಗಳ ಈ ತುಣುಕುಗಳು ಜೀನುಗಳಿಗೆ ಕಡಿವಾಣ ಹಾಕುತ್ತವೆ. ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ಮಿರ್-21 ಎಂಬ ಮೈಕ್ರೋಆರ್‌ಎನ್‌ಎ ಹೆಚ್ಚುವುದನ್ನು ಹಲವು ಅಧ್ಯಯನಗಳು ಕಂಡಿವೆ. ಬಾಯಿ ಕ್ಯಾನ್ಸರ್ ರೋಗಿಗಳ ಜೊಲ್ಲಿನಲ್ಲಿ ಮಿರ್-125ಎ, ಮಿರ್-200ಎ ಕಡಿಮೆಯಿದ್ದುದು 2009ರಲ್ಲೇ ವರದಿಯಾಗಿದೆ. ಜೊಲ್ಲಿನ ಪರೀಕ್ಷೆಗೆ ಸೂಜಿಯಿಲ್ಲ, ಕತ್ತರಿಯಿಲ್ಲ, ಒಂದು ಬಟ್ಟಲಿಗೆ ಉಗುಳಿದರಾಯಿತು.

ಆದರೆ ಅಧ್ಯಯನದಿಂದ ಅಧ್ಯಯನಕ್ಕೆ ಫಲಿತಾಂಶ ಬದಲಾಗುತ್ತಿದೆ. ಬಯಾಪ್ಸಿಯ ಜಾಗವನ್ನು ಇದಿನ್ನೂ ತುಂಬಿಲ್ಲ. ನಮ್ಮ ದಂತ ವೈದ್ಯಕೀಯ ಕಾಲೇಜುಗಳಿಗೆ ಅಡಿಕೆ, ಗುಟ್ಕಾ ಜಗಿಯುವವರು ದಿನವೂ ಬರುತ್ತಾರೆ. ಅವರ ಒಪ್ಪಿಗೆ ಪಡೆದು, ಜೊಲ್ಲಿನ ಮಾದರಿ ಕಾಪಿಟ್ಟು, ವರ್ಷಗಟ್ಟಲೆ ಗಮನಿಸುವ ಅಧ್ಯಯನಕ್ಕೆ ಸರ್ಕಾರ ಹಣ ಕೊಡಲಿ. ಅಲ್ಲಿಯವರೆಗೆ, ಎರಡು ವಾರವಾದರೂ ಮಾಯದ ಹುಣ್ಣಿದ್ದವರು ದಯವಿಟ್ಟು ವೈದ್ಯರಿಗೆ ತೋರಿಸಿ. ಬಯಾಪ್ಸಿಗೆ ತೆಗೆಯುವುದು ಸಣ್ಣದೊಂದು ಚೂರು, ಅದೂ ಮರಗಟ್ಟಿಸಿ.

– ಒಬ್ಬ ಓದುಗ, ತೀರ್ಥಹಳ್ಳಿ