ಹಳೆ ಬಟ್ಟೆಯ ಗಂಟು ಇನ್ನು ಬಿಚ್ಚಿಯೇ ತೆಗೆದುಕೊಳ್ಳುತ್ತೇವೆ

ಗ್ರಾಹಕ ಬಂಧುಗಳೇ,

ಬರುವ ತಿಂಗಳಿನಿಂದ ನಮ್ಮ ಕಲಬುರಗಿ ಹೊಲಿಗೆ ಸಹಕಾರಿಯಲ್ಲಿ ಹಳೆ ಬಟ್ಟೆಯ ಗಂಟು ಇಟ್ಟು ಹೋಗುವ ಪದ್ಧತಿ ಇರುವುದಿಲ್ಲ. ನಿಮ್ಮೆದುರೇ ಗಂಟು ಬಿಚ್ಚಿ, ಒಂದೊಂದೇ ಅರಿವೆ ನೋಡಿ, ಹೊಲಿದು ನಿಮಗೇ ಕೊಡುವುದೋ, ಇನ್ನೊಬ್ಬರಿಗೆ ಕೊಡುವುದೋ, ಕೌದಿಗೆ ಹಾಕುವುದೋ ಅಲ್ಲೇ ಗೊತ್ತುಮಾಡುತ್ತೇವೆ. ಸ್ವಲ್ಪ ಹೊತ್ತು ಕೂರಬೇಕಾಗುತ್ತದೆ, ದಯವಿಟ್ಟು ಸಹಕರಿಸಿ.

ಮಿರಗ ಮಳೆ ಶುರುವಾದರೆ ಒಂದೇ ಒಂದು ಹಸಿ ಟವೆಲ್ ಸಾಕು, ನಾಲ್ಕಾರು ದಿನದಲ್ಲಿ ಇಡೀ ಗಂಟಿಗೆ ಬೂಸು ಹಿಡಿಯುತ್ತದೆ. ಹತ್ತಿಯ ಮೇಲೆ ಬಿದ್ದ ಆ ಕಪ್ಪು ಚುಕ್ಕೆ ಒಗೆದರೂ ಪೂರ್ತಿ ಹೋಗದು. ಒಗೆದು, ಬಿಸಿಲಲ್ಲಿ ಗರಿಗರಿ ಒಣಗಿಸಿ ತನ್ನಿ.

ಕೊಡಬೇಕೆಂದು ತಂದ ಎಷ್ಟೋ ಬಟ್ಟೆ ಇನ್ನೂ ಉಡುವಂಥದ್ದೇ. ಜಿಪ್ ಕೆಟ್ಟಿದೆ ಎನ್ನುವ ಪ್ಯಾಂಟಿನಲ್ಲಿ ಹಲ್ಲು ಸರಿಯಿದ್ದು ರನ್ನರ್ ಮಾತ್ರ ಸಡಿಲಾಗಿರುತ್ತದೆ. ಅದಷ್ಟೇ ಬದಲಿಸಿದರೆ ಆಯಿತು. ಜೀನ್ಸ್ ಸವೆಯುವುದು ತೊಡೆಯ ಒಳಬದಿಗೆ. ಬೆಳಕಿಗೆ ಹಿಡಿದು ನೋಡಿ, ಜಾಳಾಗಿದ್ದರೆ ಹರಿಯುವ ಮೊದಲೇ ತನ್ನಿ. ಜಾಳಾದ ಜಾಗಕ್ಕಿಂತ ಸುತ್ತಲೂ ಒಂದು ಇಂಚು ದೊಡ್ಡ ತುಂಡನ್ನು ಒಳಗಿನಿಂದ ಇಟ್ಟು ಹೊಲಿಯುತ್ತೇವೆ. ತೇಪೆ ಜಾಳಿನ ಅಂಚಿಗೇ ನಿಂತರೆ ಹೊಲಿಗೆಯ ಗೆರೆಯಗುಂಟ ಮತ್ತೆ ಹರಿಯುತ್ತದೆ. ತುಂಡೂ ಹಳೆ ಜೀನ್ಸಿನದೇ ಆಗಬೇಕು, ಹೊಸದು ಒಗೆದಾಗ ಕುಗ್ಗಿ ಸುತ್ತಲ ಬಟ್ಟೆಯನ್ನು ಜಗ್ಗುತ್ತದೆ.

ಗಂಡಸರ ತುಂಬುತೋಳಿನ ಹತ್ತಿ ಅಂಗಿ ನಮಗೆ ಎಷ್ಟಿದ್ದರೂ ಸಾಲದು. ತೊಗರಿ, ಹತ್ತಿ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಬಿಸಿಲಿಗೂ ತರಚುಗಾಯಕ್ಕೂ ಸೀರೆಯ ಮೇಲೆ ಅದನ್ನೇ ತೊಡುತ್ತಾರೆ. ಕೊರಳಪಟ್ಟಿ ಸವೆದಿದ್ದರೆ ಬಿಚ್ಚಿ ಮಗುಚಿ ಹಾಕುತ್ತೇವೆ. ಗುಂಡಿ ಮಾತ್ರ ಕಿತ್ತಿಟ್ಟುಕೊಳ್ಳಬೇಡಿ; ಆರೇಳು ಗುಂಡಿ ಹೊಂದಿಸಿ ಹಚ್ಚುವುದರಲ್ಲೇ ಅರ್ಧ ಕೆಲಸ ಹೋಗುತ್ತದೆ.

5 ಅಡಿ ಅಗಲ, ಆರೂವರೆ ಅಡಿ ಉದ್ದದ ಕೌದಿಗೆ ಮೂರು ಹಳೆ ಹತ್ತಿ ಸೀರೆ ಹಿಡಿಯುತ್ತವೆ. ನಡುವೆ ಪಾಲಿಯೆಸ್ಟರ್ ಸೇರಿದರೆ ಪದರ ಜಾರಿ ಹೊಲಿಗೆ ಸುಕ್ಕುಗಟ್ಟುತ್ತದೆ, ಬೆವರನ್ನೂ ಹೀರದು. ನಮ್ಮ ಬೇಸಿಗೆಗೆ ಅಂಥ ಕೌದಿ ಯಾರಿಗೆ ಬೇಕು? ಅನುಮಾನವಿದ್ದರೆ ಒಂದು ಎಳೆ ಕಿತ್ತು ಹಚ್ಚಿ ನೋಡಿ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಒಳಉಡುಪು, ಎಣ್ಣೆ ಅಥವಾ ಬಣ್ಣ ಮೆತ್ತಿದ ಬಟ್ಟೆ ತೆಗೆದುಕೊಳ್ಳುವುದಿಲ್ಲ. ಹರಿದ ಬನಿಯನ್ ನಿಮ್ಮ ಮನೆಯಲ್ಲೇ ಒರೆಸಲು ಬರುತ್ತದೆ. ಈಗಾಗಲೇ ಗಂಟು ಇಟ್ಟು ಹೋದವರು ಈ ತಿಂಗಳೊಳಗೆ ಒಮ್ಮೆ ಬನ್ನಿ, ಜೊತೆಗೇ ಕೂತು ಬಿಚ್ಚೋಣ.

ನಿಮ್ಮ ಹೊಲಿಗೆ ಸಹಕಾರಿಯ ಸದಸ್ಯರು, ಕಲಬುರಗಿ